ಸೈಕಲ್ಲಿನ ಚೌಕಟ್ಟು: ಉಕ್ಕು, ಅಲ್ಯೂಮಿನಿಯಂ, ಟೈಟಾನಿಯಂ, ಕಾರ್ಬನ್‌ಗಳ ಬಾಳಿಕೆ

ಸೈಕಲ್ಲಿನ ಭಾಗಗಳಲ್ಲಿ ಟಯರು, ಚೈನು, ಬ್ರೇಕಿನ ರಬ್ಬರು ಇವೆಲ್ಲ ಸವೆದಂತೆ ಬದಲಾಗತಕ್ಕವು. ಬದಲಾಗದೆ ಉಳಿಯುವುದು ಚೌಕಟ್ಟು. ಅದು ಮುರಿದರೆ ಸೈಕಲ್ಲೇ ಹೋದಂತೆ. ಕನ್ನಡ ಮಾಧ್ಯಮದ ಶಾಲೆ ಹತ್ತಿರದಲ್ಲಿಲ್ಲದ ಗಡಿನಾಡಿನ ಊರುಗಳಲ್ಲಿ ಮಗುವೊಂದು ತನ್ನ ನುಡಿಯಲ್ಲಿ ಓದು ಮುಂದುವರಿಸುವುದು ಎಷ್ಟೋ ವೇಳೆ ಈ ನಾಲ್ಕು ಕೊಳವೆಗಳನ್ನೇ ನೆಚ್ಚಿಕೊಂಡಿರುತ್ತದೆ. ಆದುದರಿಂದ ಚೌಕಟ್ಟನ್ನು ಯಾವುದರಿಂದ ಮಾಡುತ್ತಾರೆ, ಅದು ಎಷ್ಟು ಬಾಳುತ್ತದೆ, ಏಕೆ ಮುರಿಯುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಒಂದು ಮಾತು. ಚೌಕಟ್ಟು ಒಂದೇ ಏಟಿಗೆ ಮುರಿಯುವುದು ಅಪರೂಪ. ಪೆಡಲನ್ನು ತುಳಿದಾಗಲೆಲ್ಲ, ಗುಂಡಿಗೆ ಚಕ್ರ ಇಳಿದಾಗಲೆಲ್ಲ ಕೊಳವೆಗಳು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಲಕ್ಷಾಂತರ ಬಾರಿ ಹೀಗಾದ ಮೇಲೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ನಿಧಾನವಾಗಿ ಬೆಳೆದು, ಕೊನೆಗೊಮ್ಮೆ ತಟ್ಟನೆ ಮುರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ತುಂಡರಿಸಿದ ಯಾವ ಮಗುವಿಗೂ ಈ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬಾಳಿಕೆಯೆಂದರೆ ಬಹುಮಟ್ಟಿಗೆ ಈ ದಣಿವನ್ನು ತಾಳಿಕೊಳ್ಳುವ ಶಕ್ತಿ. ಅದರ ಜೊತೆಗೆ ತುಕ್ಕನ್ನೂ ಪೆಟ್ಟನ್ನೂ ತಾಳುವ ಶಕ್ತಿ.

ನಮ್ಮ ಬೀದಿಗಳಲ್ಲಿ ಓಡಾಡುವ ಸೈಕಲ್ಲುಗಳಲ್ಲಿ ಬಹುಪಾಲು ಉಕ್ಕಿನವು. ತಮಿಳುನಾಡು ಸರ್ಕಾರವು 11ನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡುವ, ತಾಳವಾಡಿಯ ಕನ್ನಡದ ಮಕ್ಕಳೂ ಏರಿ ಹೋಗುವ ಸೈಕಲ್ಲಿನ ಚೌಕಟ್ಟೂ ಉಕ್ಕಿನದೇ. ಉಕ್ಕಿಗೊಂದು ವಿಶೇಷ ಗುಣವಿದೆ: ಒಂದು ಮಿತಿಗಿಂತ ಕಡಿಮೆಯಾದ ಒತ್ತಡವನ್ನು ಎಷ್ಟು ಬಾರಿ ಹೇರಿದರೂ ಅದು ದಣಿದು ಮುರಿಯುವುದಿಲ್ಲ. ದಪ್ಪ ಕೊಳವೆಯ ಹಳೆಯ ಸೈಕಲ್ಲುಗಳು ಅಜ್ಜನಿಂದ ಮೊಮ್ಮಗನಿಗೆ ಬಂದುದರ ಗುಟ್ಟು ಇದೇ. ಅವುಗಳಲ್ಲಿ ಒತ್ತಡವು ಆ ಮಿತಿಯನ್ನು ಮುಟ್ಟುವುದೇ ವಿರಳ. ತೂಕವೇನೋ ಹೆಚ್ಚು, ಏರುದಾರಿಯಲ್ಲಿ ಅದನ್ನು ತಳ್ಳಿದವರಿಗೆ ಗೊತ್ತು.

ಉಕ್ಕಿನಲ್ಲೂ ಮೇಲುಕೀಳುಗಳಿವೆ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ ಉಕ್ಕು ಸಾದಾ ಉಕ್ಕಿಗಿಂತ ಬಹಳ ಬಲವಾದುದು. ಆದುದರಿಂದ ಅದರ ಕೊಳವೆಯನ್ನು ತೆಳುವಾಗಿ ಎಳೆಯಬಹುದು. ಕೊಳವೆಯ ಎರಡು ತುದಿಗಳನ್ನು ದಪ್ಪವಾಗಿಯೂ ನಡುವನ್ನು ತೆಳುವಾಗಿಯೂ ಮಾಡುವ ವಿಧಾನಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲಿಯೇ ಪೇಟೆಂಟ್ ಪಡೆದನು. ಬೆಸುಗೆಯ ಬಿಸಿಯಿಂದ ಬಲಗುಂದುವುದು ತುದಿಗಳೇ ಆದ್ದರಿಂದ ಲೋಹ ಬೇಕಾದದ್ದೂ ಅಲ್ಲಿಯೇ. ಅದೇ ಸಂಸ್ಥೆ 1935ರಲ್ಲಿ ಹೊರತಂದ 531 ಎಂಬ ಮ್ಯಾಂಗನೀಸ್–ಮಾಲಿಬ್ಡಿನಂ ಉಕ್ಕು ದಶಕಗಳ ಕಾಲ ಪಂದ್ಯದ ಸೈಕಲ್ಲುಗಳಲ್ಲಿ ಮೆರೆಯಿತು.

ಉಕ್ಕಿನ ಶತ್ರು ತುಕ್ಕು. ಮೇಲಿನ ತುಕ್ಕು ಕಣ್ಣಿಗೆ ಬೀಳುತ್ತದೆ, ಬಣ್ಣ ಹಚ್ಚಿದರೆ ನಿಲ್ಲುತ್ತದೆ. ಅಪಾಯಕಾರಿಯಾದುದು ಒಳಗಿನದು. ಸೀಟಿನ ಕೊಳವೆಯ ಮೂಲಕ ಇಳಿದ ಮಳೆನೀರು ಪೆಡಲಿನ ಅಚ್ಚು ಕೂರುವ ಕೆಳಗಿನ ಗೂಡಿನಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ತುಕ್ಕು ಹಿಡಿಯುತ್ತಿರುವಾಗಲೇ ಒತ್ತಡವೂ ಬಿದ್ದರೆ ಉಕ್ಕಿನ ಆ ದಣಿಯದ ಮಿತಿ ಇಲ್ಲವಾಗುತ್ತದೆ. ಜತ್ತ, ಸೊಲ್ಲಾಪುರ, ರಾಯದುರ್ಗಗಳ ಒಣಹವೆಯಲ್ಲಿ ಉಕ್ಕಿನ ಚೌಕಟ್ಟು ನಿಶ್ಚಿಂತೆಯಿಂದಿರಬಹುದು. ಮಳೆಯೂ ಉಪ್ಪುಗಾಳಿಯೂ ಕೂಡಿದ ಕಾಸರಗೋಡಿನ ಕರಾವಳಿಯಲ್ಲಿ ಅದೇ ಚೌಕಟ್ಟಿಗೆ ಆರೈಕೆ ಬೇಕು. ಮಳೆಗಾಲಕ್ಕೆ ಮುಂಚೆ ಸೀಟನ್ನು ಕಿತ್ತು ಕೊಳವೆಯೊಳಗೆ ಸ್ವಲ್ಪ ಎಣ್ಣೆ ಹನಿಸಿ, ಸೈಕಲ್ಲನ್ನು ಅತ್ತಿತ್ತ ವಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು, ಬಿಗಿತದಲ್ಲಿಯೂ ಅಷ್ಟೇ. ಬಿಗಿತದ ಈ ಕೊರತೆಯನ್ನು ತುಂಬಲು ಕೊಳವೆಯನ್ನು ದಪ್ಪನೆಯ ಸುತ್ತಳತೆಯದಾಗಿ ಮಾಡುತ್ತಾರೆ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಇಮ್ಮಡಿಯಾದರೆ ಬಿಗಿತ ಸರಿಸುಮಾರು ಎಂಟು ಪಟ್ಟಾಗುತ್ತದೆ. ಇದಕ್ಕೆ ಉಕ್ಕಿನಂಥ ದಣಿಯದ ಮಿತಿ ಇಲ್ಲ. ಸಣ್ಣ ಒತ್ತಡವಾದರೂ ಸಾಕಷ್ಟು ಬಾರಿ ಬಿದ್ದರೆ ಎಂದಾದರೊಂದು ದಿನ ಬಿರುಕು ಬಿಡುತ್ತದೆ. ಹಾಗೆಂದು ಅಲ್ಯೂಮಿನಿಯಂ ಬೇಗ ಮುರಿಯುತ್ತದೆಂದು ಹೇಳುವುದು ಸರಿಯಲ್ಲ. ತಯಾರಕರು ಇದನ್ನು ತಿಳಿದೇ ಲೋಹವನ್ನು ಧಾರಾಳವಾಗಿ ಇಡುತ್ತಾರೆ. 1997ರಲ್ಲಿ ಜರ್ಮನಿಯ 'ಟೂರ್' ಪತ್ರಿಕೆಯು ಹನ್ನೆರಡು ದುಬಾರಿ ಚೌಕಟ್ಟುಗಳನ್ನು ಯಂತ್ರಕ್ಕೆ ಕಟ್ಟಿ ದಣಿಸಿ ನೋಡಿತು. ಕೊನೆಯವರೆಗೆ ಮುರಿಯದೆ ಉಳಿದವು ಅಲ್ಯೂಮಿನಿಯಂ ಮತ್ತು ಕಾರ್ಬನ್ನಿನವು. ಹಗುರವಾಗಿಸಲೆಂದು ತೆಳುವಾಗಿಸಿದ ಉಕ್ಕು, ಟೈಟಾನಿಯಂಗಳು ಸೋತವು. ಲೋಹದ ಹೆಸರಿಗಿಂತ ವಿನ್ಯಾಸ ಮತ್ತು ಬೆಸುಗೆಯ ಅಚ್ಚುಕಟ್ಟುತನವೇ ದೊಡ್ಡದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯದಿದ್ದರೂ ಉಪ್ಪಿನಿಂದ ಬಿಳಿಪುಡಿಯೇಳುತ್ತದೆ. ಉಕ್ಕಿನ ಬೋಲ್ಟು ತಾಗಿದ ಕಡೆ ಅದು ಇನ್ನಷ್ಟು ಬೇಗ ಸವೆಯುತ್ತದೆ. ಸೀಟಿನ ಕಂಬ ಚೌಕಟ್ಟಿನೊಳಗೆ ಕಚ್ಚಿಕೊಂಡು ಏನು ಮಾಡಿದರೂ ಕದಲದಿರುವುದು ಈ ಕಾರಣದಿಂದಲೇ. ಗ್ರೀಸ್ ಹಚ್ಚಿಟ್ಟರೆ ಹಾಗಾಗದು.

ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಬಣ್ಣವೂ ಬೇಕಿಲ್ಲ, ದಣಿವನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಬೆಸೆಯುವಾಗ ಬಿಸಿ ಲೋಹಕ್ಕೆ ಗಾಳಿ ತಾಗಿದರೆ ಅದು ಪೆಡಸಾಗುತ್ತದೆ; ಆರ್ಗಾನ್ ಅನಿಲದ ಮರೆಯಲ್ಲಿಯೇ ಬೆಸೆಯಬೇಕು. ಬೆಲೆಯ ಮಾತು ಬೇಡ.

ಕಾರ್ಬನ್ ಚೌಕಟ್ಟೆಂದರೆ ಇಂಗಾಲದ ನೂಲುಗಳನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಹೊಂದಿಸಿ ಬಿಸಿಯಲ್ಲಿ ಗಟ್ಟಿಗೊಳಿಸಿದುದು. ದಣಿವಿನ ಮಟ್ಟಿಗೆ ಇದು ಲೋಹಗಳನ್ನು ಮೀರಿಸಬಲ್ಲುದು. ಇದರ ದೌರ್ಬಲ್ಯ ಪೆಟ್ಟು. ಉಕ್ಕಿಗೆ ಕಲ್ಲು ತಾಗಿದರೆ ನೆಗ್ಗುತ್ತದೆ, ಆ ನೆಗ್ಗು ಎಚ್ಚರಿಕೆ ಕೊಡುತ್ತದೆ; ಕಾರ್ಬನ್ನಿನಲ್ಲಿ ಹೊರಗೆ ಗೀರು ಮಾತ್ರ ಕಂಡು ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ಬೋಲ್ಟನ್ನು ಅತಿಯಾಗಿ ಬಿಗಿದರೂ ಅದು ಸೀಳುತ್ತದೆ. ಹೊರೆ ಕಟ್ಟಿ ಓಡಿಸುವ ನಮ್ಮ ಬಳಕೆಗೆ ಇದು ಹೊಂದುವಂಥದಲ್ಲವೆಂದು ನಮ್ಮ ಅಭಿಪ್ರಾಯ.

ಮುರಿದಾಗ ಏನು ಮಾಡುವುದೆಂಬುದೂ ಬಾಳಿಕೆಯ ಭಾಗವೇ. ದಪ್ಪ ಕೊಳವೆಯ ಉಕ್ಕಿನ ಚೌಕಟ್ಟನ್ನು ಹಿತ್ತಾಳೆ ಹಾಕಿ ಗ್ಯಾಸಿನಲ್ಲಿ ಬೆಸೆಯುವವರು ಸಣ್ಣ ಪೇಟೆಯಲ್ಲಿಯೂ ಸಿಗುತ್ತಾರೆ. ಅಲ್ಯೂಮಿನಿಯಂ ಹಾಗಲ್ಲ. ಕಾರ್ಖಾನೆಯಲ್ಲಿ ಬೆಸೆದ ಬಳಿಕ 6061 ಮಿಶ್ರಲೋಹದ ಚೌಕಟ್ಟನ್ನು ಮತ್ತೆ ಕಾಯಿಸಿ ಹದಗೊಳಿಸಿರುತ್ತಾರೆ. ಅಂಗಡಿಯಲ್ಲಿ ಬೆಸೆದಾಗ ಆ ಹದ ಹೋಗಿ, ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ಪೇಟೆಯಿಂದ ದೂರವಿರುವ ಮನೆಯವರು ಮಗುವಿಗೆ ಸೈಕಲ್ಲು ಕೊಳ್ಳುವಾಗ ಹಗುರವನ್ನು ನೋಡುವ ಮೊದಲು ಇದನ್ನು ನೋಡಬೇಕು.

ತಿಂಗಳಿಗೊಮ್ಮೆ ಸೈಕಲ್ಲನ್ನು ಒರೆಸುವಾಗ ಹ್ಯಾಂಡಲಿನ ಕೊಳವೆಗೆ ಕೆಳಗಿನ ಓರೆ ಕೊಳವೆ ಕೂಡುವ ಜಾಗ, ಪೆಡಲಿನ ಗೂಡಿನ ಸುತ್ತ, ಹಿಂದಿನ ಚಕ್ರದ ಅಚ್ಚಿನ ಬಳಿ ಬೆರಳಾಡಿಸಿ ನೋಡಬೇಕು. ಬಣ್ಣದಲ್ಲಿ ಸಣ್ಣ ಗೆರೆ, ಅದರಿಂದ ಇಳಿದ ಕಂದು ಕಲೆ, ತುಳಿಯುವಾಗ ಹೊಸದಾಗಿ ಕೇಳುವ ಕಿರುಗುಟ್ಟುವಿಕೆ ಇವು ಬಿರುಕಿನ ಗುರುತುಗಳು. ಮಕ್ಕಳ ಸೈಕಲ್ಲಿನಲ್ಲಿ ಇನ್ನೊಂದು ಜಾಗವನ್ನು ಮರೆಯಬಾರದು. ಮಗು ಬೆಳೆದಂತೆ ಸೀಟನ್ನು ಮೇಲೆತ್ತುತ್ತಾ ಹೋಗುತ್ತೇವೆ. ಕಂಬದ ಮೇಲೆ ಕೊರೆದಿರುವ ಮಿತಿಯ ಗೆರೆ ಹೊರಗೆ ಕಂಡರೆ ಸೀಟಿನ ಕೊಳವೆಯ ಬಾಯಿಯ ಮೇಲೆ ಮಗುವಿನ ಭಾರವೆಲ್ಲ ಸನ್ನೆಯಂತೆ ಬೀಳುತ್ತದೆ, ಚೌಕಟ್ಟು ಅಲ್ಲಿಯೇ ಸೀಳುತ್ತದೆ. ಆಗ ಸೀಟನ್ನು ಇಳಿಸಬೇಕು, ಇಲ್ಲವೆ ಉದ್ದದ ಕಂಬವನ್ನು ಹಾಕಿಸಬೇಕು.