‘ಅಡ್ಡಿಯಿಲ್ಲ’ ಎಂಬ ಉತ್ತರ: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಪೌರಜೀವನ ಸಮೀಕ್ಷೆಯ ಪೂರ್ವೋತ್ತರ

ಊರಿನ ಜನರನ್ನು ಎಣಿಸುವುದು ಬೇರೆ, ಅವರು ಎಂತಹ ಸೂರಿನ ಕೆಳಗೆ ಎಂತಹ ನೀರನ್ನು ಕುಡಿದು ಬಾಳುತ್ತಿರುವರೆಂದು ವಿಚಾರಿಸುವುದು ಬೇರೆ, ಆ ಬಾಳಿನ ವಿಷಯದಲ್ಲಿ ಅವರ ಮನಸ್ಸಿಗೆ ಸಮಾಧಾನವುಂಟೇ ಎಂದು ಕೇಳುವುದು ಮತ್ತೂ ಬೇರೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ರೈಲುಮಾರ್ಗದ ಮೇಲೆ ಒಂದಾದಮೇಲೊಂದರಂತೆ ಎದುರಾಗುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ದೃಷ್ಟಾಂತವಾಗಿಟ್ಟುಕೊಂಡು ನೋಡಿದರೆ, ಎಣಿಕೆಯು ಇಲ್ಲಿಗೆ 1872ರಷ್ಟು ಹಿಂದೆಯೇ ಬಂದಿತ್ತು. ಸ್ಥಿತಿಗತಿಯ ವಿಚಾರಣೆಯು ಸ್ವಾತಂತ್ರ್ಯಾನಂತರವಷ್ಟೇ ಮೈತುಂಬಿಕೊಂಡಿತು. ಸಮಾಧಾನದ ಪ್ರಶ್ನೆಯಾದರೋ ಈ ಶತಮಾನದ ಎರಡನೆಯ ದಶಕ ಮುಗಿಯುತ್ತ ಬಂದಾಗ, ಅದೂ ಕಸದ ಬಂಡಿಯನ್ನೇರಿ, ಊರೊಳಗೆ ಬಂದಿತು.

ಅಂದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರಾಂತದಲ್ಲಿ ಜನಗಣತಿಗೆ ಖಾನೇಸುಮಾರಿಯೆಂಬ ಹೆಸರು ಬಹುಕಾಲ ಬಳಕೆಯಲ್ಲಿದ್ದಿತು. ಫಾರಸಿ ಮೂಲದ ಆ ಶಬ್ದಕ್ಕೆ ಮನೆಗಳ ಎಣಿಕೆ ಎಂಬುದೇ ಅರ್ಥವಾದುದರಿಂದ, ಮನೆಯೊಳಗಿನ ಬದುಕಿನ ಗೊಡವೆಗೆ ಅದು ಹೋಗದಿದ್ದುದು ಆಶ್ಚರ್ಯವಲ್ಲ. 1872 ಮತ್ತು 1881ರ ಎರಡು ಗಣತಿಗಳ ನಡುವೆ 1876–78ರ ಘೋರ ಕ್ಷಾಮವು ಹಾದುಹೋಗಿ, ಜಿಲ್ಲೆಯ ಜನಸಂಖ್ಯೆಯು ಸುಮಾರು ಒಂದು ಲಕ್ಷದಷ್ಟು ತಗ್ಗಿದ ಸಂಗತಿಯು ಎರಡನೆಯ ಗಣತಿಯ ಕೋಷ್ಟಕದಲ್ಲಿ ಒಂದು ವ್ಯವಕಲನದ ಲೆಕ್ಕವಾಗಿ ಕಾಣಿಸಿಕೊಂಡಿತು. ಮಡಿದವರು ಬದುಕಿದ್ದಾಗ ಅವರ ಹಸಿವನ್ನು ಯಾವ ನಮೂನೆಯೂ ಬರೆದುಕೊಂಡಿರಲಿಲ್ಲ. ಜೇಮ್ಸ್ ಕ್ಯಾಂಪ್‌ಬೆಲ್‌ರ ಸಂಪಾದಕತ್ವದಲ್ಲಿ 1884ರಲ್ಲಿ ಹೊರಬಂದ ಧಾರವಾಡ ಗ್ಯಾಝೆಟಿಯರು ಪೇಟೆ, ವ್ಯಾಪಾರ, ದೇವಾಲಯ, ಶಾಸನ ಮೊದಲಾದುವನ್ನು ವಿಪುಲವಾಗಿ ಸಂಗ್ರಹಿಸಿಕೊಟ್ಟ ಉಪಕಾರವನ್ನು ಯಾವ ಸಂಶೋಧಕನೂ ಮರೆಯಲಾರನು. ಆದರೂ ಆ ಪುಟಗಳಲ್ಲಿ ಊರು ಮಾತನಾಡುವುದೇ ಹೊರತು ಊರಿನವನು ಮಾತನಾಡುವುದಿಲ್ಲ.

ನಗರವಾಸಿಯ ಮನೆಬಾಗಿಲಿಗೆ ಹೋಗಿ ಬಾಡಿಗೆ, ಕೂಲಿ, ಕೋಣೆಗಳ ಲೆಕ್ಕ ಕೇಳುವ ಪದ್ಧತಿಯು ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್‌ನಿಂದಲೂ ಯಾರ್ಕಿನಲ್ಲಿ ಸೀಬೋಮ್ ರೌಂಟ್ರಿಯಿಂದಲೂ ಪ್ರಸಿದ್ಧಿಗೆ ಬಂದಿತು. ನಮ್ಮ ನೆರೆಯಲ್ಲಿ ಅದನ್ನು ಶಾಸ್ತ್ರೀಯವಾಗಿ ನಡೆಯಿಸಿದವರು ಪುಣೆಯ ಗೋಖಲೆ ಸಂಸ್ಥೆಯ ಡಿ. ಆರ್. ಗಾಡ್ಗೀಳರು, ಅವರ ಪುಣೆ ನಗರ ಸಮೀಕ್ಷೆಯ ಎರಡು ಭಾಗಗಳು 1945 ಮತ್ತು 1952ರಲ್ಲಿ ಪ್ರಕಟವಾದುವು. ಬಳಿಕ ಯೋಜನಾ ಆಯೋಗದ ಸಂಶೋಧನಾ ಸಮಿತಿಯು ದೇಶದ ಅನೇಕ ನಗರಗಳಲ್ಲಿ ಇಂತಹ ಅಧ್ಯಯನಗಳಿಗೆ ನೆರವಾದಾಗ ಕನ್ನಡನಾಡಿನ ಪಾಲಿಗೆ ಹುಬ್ಬಳ್ಳಿ ಬಂದಿತು, ಎನ್. ಆರ್. ಢೇಕಣೆಯವರ ಆ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯವು 1959ರಲ್ಲಿ ಪ್ರಕಟಿಸಿತು. ಸಮೀಕ್ಷಕರು ಹುಬ್ಬಳ್ಳಿಯಲ್ಲಿ ಇಳಿದರು. ಅದೇ ಗಾಡಿಯಲ್ಲಿ ಇನ್ನು ಕೆಲವು ತಾಸು ಕುಳಿತಿದ್ದರೆ ನಮ್ಮ ಮೂರೂ ಊರುಗಳು ಸಿಕ್ಕುತ್ತಿದ್ದುವು. ಹಳ್ಳಿಗೆ ಅರ್ಥಶಾಸ್ತ್ರಜ್ಞನುಂಟು, ಮಹಾನಗರಕ್ಕೆ ಸಮಾಜಶಾಸ್ತ್ರಜ್ಞನುಂಟು, ನಡುವಣ ಪೇಟೆಯೂರಿಗೆ ಯಾರೂ ಇಲ್ಲವೆಂಬ ಈ ಅನಾಥಸ್ಥಿತಿಯು ಇಂದಿಗೂ ಪೂರ್ಣವಾಗಿ ತೊಲಗಿಲ್ಲ.

ಹೀಗೆ ಸಮೀಕ್ಷಕರ ಕಣ್ಣಿಗೆ ಬೀಳದ ರಾಣೆಬೆನ್ನೂರಿನಲ್ಲೇ ಕರ್ನಾಟಕದ ಅತ್ಯಂತ ಮಹತ್ತ್ವದ ಸಮೀಕ್ಷೆಗಳಲ್ಲೊಂದರ ನೇತಾರರು ಜನಿಸಿದ್ದರೆಂಬುದು ಇತಿಹಾಸದ ವಿನೋದ. ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ದೇವರಾಜ ಅರಸರ ಸರಕಾರವು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗವು, ಹಳ್ಳಿಗಳಲ್ಲಿಯೂ ಪಟ್ಟಣಗಳ ವಾರ್ಡುಗಳಲ್ಲಿಯೂ ಸುಮಾರು 3,55,000 ಜನರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ, ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೂ ಸರಕಾರಿ ನೌಕರಿಯ ಪ್ರಾತಿನಿಧ್ಯವನ್ನೂ ಅದಕ್ಕೆ ತಾಳೆ ಹಾಕಿ, 1975ರ ನವೆಂಬರಿನಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ನೀವು ಸಂತುಷ್ಟರೇ ಎಂದು ಆಯೋಗವು ಯಾರನ್ನೂ ಕೇಳಲಿಲ್ಲ. ತಲೆತಲಾಂತರದಿಂದ ಕೆಳಗಿಟ್ಟ ಜನರ ಸಂತೋಷವನ್ನು ಅಳೆದಿದ್ದರೆ ಅನ್ಯಾಯವು ಅಳತೆಗೋಲಿಗೆ ಸಿಕ್ಕದೆ ನುಣುಚಿಕೊಳ್ಳುತ್ತಿತ್ತೆಂದೇ ನನ್ನ ಅಭಿಪ್ರಾಯ. ಸ್ಥಿತಿಯನ್ನು ಕೇಳಿದುದರಿಂದಲೇ ಆ ವರದಿಗೆ ಬಲ ಬಂದಿತು.

ಆದರೆ ಮನೋಧರ್ಮದ ಪ್ರಶ್ನೆಯು ಸರಕಾರಿ ನಮೂನೆಯಲ್ಲಿ ಸದ್ದಿಲ್ಲದೆ ನುಸುಳಿದ್ದುಂಟು. 2001 ಮತ್ತು 2011ರ ಮನೆಪಟ್ಟಿಯ ಗಣತಿಯಲ್ಲಿ ಕುಡಿಯುವ ನೀರು, ದೀಪ, ಶೌಚಾಲಯ, ಚರಂಡಿಗಳ ಜೊತೆಗೆ ಮನೆಯು ಉತ್ತಮವೋ, ವಾಸಯೋಗ್ಯವೋ, ಶಿಥಿಲವೋ ಎಂಬುದನ್ನು ಗಣತಿದಾರನು ತನ್ನ ಕಣ್ಣಳತೆಯಿಂದಲ್ಲದೆ ಮನೆಯವರ ಭಾವನೆಯಂತೆಯೇ ಬರೆದುಕೊಳ್ಳಬೇಕಾಗಿದ್ದಿತು. ಸೋರುವ ಮಾಳಿಗೆಯ ಕೆಳಗೆ ಕುಳಿತ ಮುದುಕಿಯೊಬ್ಬಳು ತನ್ನ ಮನೆ ಚಲೋ ಐತೆಂದರೆ ಅದು ಉತ್ತಮವೇ ಸರಿ. ಅಜ್ಜನು ಕಟ್ಟಿದ ಮನೆಯನ್ನು ಹೊರಗಿನವರೆದುರು ಹಳಿಯಲು ಅವಳಿಗೆ ನಾಲಗೆ ಬಾರದು. 2011ರ ಆ ಗಣತಿಯಲ್ಲಿ ರಾಣೆಬೆನ್ನೂರು ಒಂದು ಲಕ್ಷವನ್ನು ದಾಟಿತ್ತು. 1997ರ ಆಗಸ್ಟ್ 24ರಂದು ಜಿಲ್ಲಾಕೇಂದ್ರವಾದ ಹಾವೇರಿಯ ಜನಸಂಖ್ಯೆ ಸುಮಾರು 67 ಸಾವಿರ, ಬ್ಯಾಡಗಿಯದು ಸುಮಾರು 30 ಸಾವಿರ.

ಸಂತೃಪ್ತಿಯನ್ನು ಅಂಕಿಯಲ್ಲಿ ಹಿಡಿಯುವ ಸಾಹಸಕ್ಕೆ 1965ರಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಪ್ರಕಟಿಸಿದ ಗ್ರಂಥದ ಏಣಿಯು ಪ್ರಸಿದ್ಧ ಸಾಧನ: ಬದುಕು ಹತ್ತು ಮೆಟ್ಟಿಲಿನ ಏಣಿಯಾದರೆ ನೀವು ಯಾವ ಮೆಟ್ಟಿಲಿನ ಮೇಲಿರುವಿರಿ ಎಂಬುದೇ ಅದರ ಪ್ರಶ್ನೆ. ಕರ್ನಾಟಕದಲ್ಲಿ ಈ ಮಾರ್ಗಕ್ಕೆ ತೀಕ್ಷ್ಣತೆಯನ್ನು ತಂದವರು ಸ್ಯಾಮ್ಯುಅಲ್ ಪಾಲ್. ಅವರ ಮುಂದಾಳುತನದಲ್ಲಿ ಸಿದ್ಧವಾಗಿ 1994ರಲ್ಲಿ ಹೊರಬಂದ ಬೆಂಗಳೂರಿನ ನಾಗರಿಕ ಅಂಕಪಟ್ಟಿಯಲ್ಲಿ ಅಭಿವೃದ್ಧಿ ಪ್ರಾಧಿಕಾರದ ಸೇವೆಯಿಂದ ತೃಪ್ತರಾದವರು ನೂರಕ್ಕೆ ಒಬ್ಬರು ಮಾತ್ರ. 2021ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸುಗಮ ಜೀವನ ಸೂಚ್ಯಂಕವು ನಾಗರಿಕರ ಅಭಿಪ್ರಾಯಕ್ಕೆ ಶೇಕಡಾ 30ರಷ್ಟು ಬೆಲೆ ಕೊಟ್ಟು 111 ನಗರಗಳನ್ನು ತೂಗಿತು. ದೊಡ್ಡ ನಗರಗಳಲ್ಲಿ ಬೆಂಗಳೂರು ಮೊದಲಾಯಿತು, ನಮ್ಮ ಮೂರು ಊರುಗಳು ಆ ತಕ್ಕಡಿಯನ್ನೇ ಏರಲಿಲ್ಲ. 2016ರಲ್ಲಿ 73 ನಗರಗಳಿಗೆ ಸೀಮಿತವಾಗಿದ್ದ, ಊರುಗಳ ಶುಚಿತ್ವವನ್ನು ಅಳೆಯುವ ಸ್ವಚ್ಛ ಸರ್ವೇಕ್ಷಣವು 2018ರಲ್ಲಿ ದೇಶದ ಸಮಸ್ತ ಪೌರಸಂಸ್ಥೆಗಳಿಗೂ ವಿಸ್ತರಿಸಿದ ಮೇಲೆ ಈ ಮೂರೂ ಊರುಗಳ ನಿವಾಸಿಗೂ ಊರು ನಿರ್ಮಲವಾಗಿದೆಯೇ ಎಂದು ಹೇಳುವ ಪ್ರಸಂಗ ಒದಗಿತು. ಆ ಮಾತು ಊರಿನ ಸ್ಥಾನವನ್ನು ನಿರ್ಣಯಿಸುವ ಅಂಕವೂ ಆದುದರಿಂದ, ಉತ್ತರಿಸುವವನ ಮನಸ್ಸಿನಲ್ಲಿ ಸತ್ಯಕ್ಕೂ ಸ್ವಸ್ಥಳಾಭಿಮಾನಕ್ಕೂ ಜಗಳ ಹತ್ತಿಕೊಳ್ಳುವುದು ಸಹಜವಷ್ಟೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಭಾಷೆಯದು. ತುಂಬಾ ತೃಪ್ತಿ, ತೃಪ್ತಿ, ಅತೃಪ್ತಿ ಎಂಬ ಚೌಕಗಳನ್ನು ಮುಂದೊಡ್ಡಿದರೆ ಈ ಸೀಮೆಯ ಮನುಷ್ಯನು ಹೇಳುವುದು “ಅಡ್ಡಿಯಿಲ್ರಿ” ಎಂದು. ಅಡ್ಡಿಯಿಲ್ಲವೆಂದರೆ ಚೆನ್ನಾಗಿದೆಯೆಂದೂ ಆಗಬಹುದು, ಸಹಿಸಿಕೊಳ್ಳಬಹುದೆಂದೂ ಆಗಬಹುದು, ನಿಮ್ಮೆದುರು ಹೇಳಿ ಏನು ಪ್ರಯೋಜನವೆಂಬ ನಿಟ್ಟುಸಿರೂ ಆಗಬಹುದು. ತುಂಗಭದ್ರೆ ಹತ್ತಿರದಲ್ಲೇ ಹರಿಯುತ್ತಿದ್ದರೂ ನಳ ಬರುವ ದಿನವನ್ನು ಕಾಯುವುದು ರೂಢಿಯಾದ ಓಣಿಯಲ್ಲಿ, ನಿನ್ನೆ ನೀರು ಬಂದಿದ್ದರೆ ಇಂದಿನ ಅಡ್ಡಿಯಿಲ್ಲಕ್ಕೆ ಒಂದು ಬಣ್ಣ, ಬಾರದಿದ್ದರೆ ಮತ್ತೊಂದು. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ಹೆಣ್ಣುಮಕ್ಕಳು ಹಗಲೆಲ್ಲ ತೊಟ್ಟು ಬಿಡಿಸುವ ಕೆಲಸದಲ್ಲಿರುವಾಗ ಮನೆಬಾಗಿಲು ಬಡಿದ ಸಮೀಕ್ಷಕನಿಗೆ ಸಿಕ್ಕುವವರು ಮುದುಕರು, ಮಕ್ಕಳು. ಘಾಟಿಗೆ ಕೆಮ್ಮುವವರ ಮಾತು ಆ ಪ್ರಶ್ನಾವಳಿಗೆ ಸೇರುವುದೇ ಇಲ್ಲ. (ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯನಂತಹ ನಿಷ್ಠುರಿಯು ಎದುರಾಗಿದ್ದರೆ ಸಮೀಕ್ಷಕನಿಗೆ ಈ ಸಂದಿಗ್ಧವಿರುತ್ತಿರಲಿಲ್ಲ, ನಮೂನೆಯಲ್ಲಿ ಜಾಗ ಮಾತ್ರ ಸಾಲುತ್ತಿರಲಿಲ್ಲ.)

ಆದುದರಿಂದ ಮುಂದೆ ಈ ಊರುಗಳಲ್ಲಿ ಸಮೀಕ್ಷೆ ಕೈಕೊಳ್ಳುವ ಪೌರಸಂಸ್ಥೆಗಳಲ್ಲಿಯೂ ವಿಶ್ವವಿದ್ಯಾಲಯದ ತರುಣರಲ್ಲಿಯೂ ನನ್ನದೊಂದು ವಿಜ್ಞಾಪನೆ: ಚೌಕಗಳ ಪಕ್ಕದಲ್ಲಿ ಎರಡು ಗೆರೆ ಖಾಲಿ ಬಿಡಿರಿ, ‘ಅಡ್ಡಿಯಿಲ್ರಿ’ ಎಂದೊಡನೆ ಲೇಖನಿಯನ್ನು ಮುಚ್ಚಬೇಡಿರಿ, ತುಸು ತಡೆದು, ‘ಆದ್ರ...’ ಎಂದು ಅವರು ತೊಡಗುವ ಮುಂದಿನ ವಾಕ್ಯವನ್ನು ಅವರು ನುಡಿದಂತೆಯೇ ಬರೆದುಕೊಳ್ಳಿರಿ.