ಗೋಲಿ ಸೋಡಾ ಮಿಷನ್ನು ನಡೆದು ಬಂದ ದಾರಿ



ಸಂಘದ ಬೆಳ್ಳಿಹಬ್ಬದ ಸಂಚಿಕೆ ಅಂದಮೇಲೆ ಗೊಬ್ಬರ, ಬೀಜ, ಸಾಲ, ಷೇರು ಇವುಗಳ ಮಾತು ಬರುವುದು ಸಹಜ. ಇವುಗಳ ನಡುವೆ ಸೋಡಾ ಮಿಷನ್ನಿನ ಕಥೆ ಯಾಕಪ್ಪಾ ಎಂದು ಕೆಲವರು ಕೇಳಬಹುದು. ಕಾರಣ ಇದೆ. ಗುಜರಿ ಅಂಗಡಿಯ ಮೂಲೆ ಸೇರಿದ್ದ ಹಳೇ ಗೋಲಿ ಸೋಡಾ ಮಿಷನ್ನುಗಳನ್ನು ಹುಡುಕಿಕೊಂಡು ಹೋಗುವವರು ಈಗ ಮತ್ತೆ ಹುಟ್ಟಿಕೊಂಡಿದ್ದಾರೆ. "ಒಂದು ಹಳೇ ಮಿಷನ್ನು ಸಿಕ್ಕರೆ ಬಸ್ ಸ್ಟ್ಯಾಂಡ್ ಹತ್ತಿರ ಪೆಟ್ಟಿಗೆ ಅಂಗಡಿ ಇಟ್ಟುಕೊಳ್ಳಬಹುದು" ಎನ್ನುವ ಮಾತು ನಮ್ಮ ಹುಡುಗರ ಬಾಯಲ್ಲೂ ಕೇಳಿಬರುತ್ತಿದೆ. ದುಡ್ಡು ಹಾಕುವ ಮೊದಲು ಆ ಮಿಷನ್ನು ಎಲ್ಲಿಂದ ಬಂತು, ಯಾಕೆ ಮೂಲೆಗೆ ಬಿತ್ತು, ಅದರಿಂದ ಸಣ್ಣ ಅಂಗಡಿಯವನಿಗೆ ಏನು ಸಿಕ್ಕಿತ್ತು ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನೀರಿಗೆ ಗ್ಯಾಸ್ ಸೇರಿಸುವ ವಿದ್ಯೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1767ರಲ್ಲಿ ಲೀಡ್ಸ್ ಊರಿನಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಪಕ್ಕದ ಬಿಯರ್ ಕಾರ್ಖಾನೆಗೆ ಹೋಗಿ, ಹುಳಿಬರುತ್ತಿದ್ದ ತೊಟ್ಟಿಯ ಮೇಲೆ ನಿಂತಿದ್ದ ಗಾಳಿಯನ್ನು ನೀರಿಗೆ ಬೆರೆಸಿ ನೋಡಿದರು. ನೀರಿಗೆ ಒಂದು ಬಗೆಯ ಚುರುಕು ರುಚಿ ಬಂತು. ಆ ಗಾಳಿಯೇ ಇಂಗಾಲದ ಡೈ ಆಕ್ಸೈಡ್. 1772ರಲ್ಲಿ ಅವರು ಇದನ್ನು ತಯಾರಿಸುವ ವಿಧಾನವನ್ನು ಒಂದು ಪುಸ್ತಿಕೆಯಾಗಿ ಅಚ್ಚು ಹಾಕಿಸಿದರು. ಇದರಿಂದ ದುಡ್ಡು ಮಾಡಿದವರು ಮಾತ್ರ ಬೇರೆ. ಜೇಕಬ್ ಶ್ವೆಪ್ ಎಂಬುವರು 1783ರಲ್ಲಿ ಜಿನೀವಾದಲ್ಲಿ ಈ ನೀರಿನ ವ್ಯಾಪಾರ ಶುರು ಮಾಡಿ, 1792ರಲ್ಲಿ ಲಂಡನ್ನಿಗೆ ಬಂದರು. ಆಗೆಲ್ಲ ಸಿಲಿಂಡರ್ ಇರಲಿಲ್ಲ. ಸೀಮೆಸುಣ್ಣದ ಪುಡಿಗೆ ಗಂಧಕಾಮ್ಲ ಹಾಕಿ ಗ್ಯಾಸ್ ಎಬ್ಬಿಸುತ್ತಿದ್ದರು. ಕೆಲವರು ನೀರಿಗೆ ಸೋಡಾ ಉಪ್ಪನ್ನೂ ಹಾಕುತ್ತಿದ್ದುದರಿಂದ ಸೋಡಾ ಎನ್ನುವ ಹೆಸರು ನಿಂತಿತು. ಹೊಟ್ಟೆ ಉಬ್ಬರಕ್ಕೆ ಇದು ಔಷಧಿ ಎಂಬ ನಂಬಿಕೆ ಅಲ್ಲೂ ಇತ್ತು. "ಗ್ಯಾಸ್ ಹಿಡಿದಿದೆ, ಒಂದು ಸೋಡಾ ಕೊಡಪ್ಪಾ" ಎನ್ನುವ ನಮ್ಮ ಮಾತಿಗೆ ಅಷ್ಟು ವಯಸ್ಸಾಗಿದೆ.

ಗ್ಯಾಸ್ ತುಂಬುವುದಕ್ಕಿಂತ ಅದನ್ನು ಬಾಟ್ಲಿಯಲ್ಲಿ ಕೂಡಿಹಾಕುವುದೇ ಕಷ್ಟವಾಗಿತ್ತು. ಬೆಂಡು ಒಣಗಿದರೆ ಗ್ಯಾಸ್ ಸೋರಿ ಹೋಗುತ್ತಿತ್ತು. ಬೆಂಡು ಒದ್ದೆಯಾಗಿಯೇ ಇರಲಿ ಎಂದು ಬಾಟ್ಲಿಗಳನ್ನು ಮಲಗಿಸಿಡುತ್ತಿದ್ದ ಕಾಲವೂ ಇತ್ತು. ಇದಕ್ಕೆ ಉಪಾಯ ಕಂಡುಹಿಡಿದವರು ಹೈರಮ್ ಕಾಡ್ ಎಂಬ ಆಂಗ್ಲ ಇಂಜಿನಿಯರ್. 1872ರಲ್ಲಿ ಅವರು ಪೇಟೆಂಟ್ ಪಡೆದ ಬಾಟ್ಲಿಯೇ ನಮ್ಮ ಗೋಲಿ ಸೋಡಾ ಬಾಟ್ಲಿ. ಬಾಯಿಯ ಒಳಗೆ ಒಂದು ರಬ್ಬರ್ ಬಳೆ, ಕತ್ತಿನಲ್ಲಿ ಒಂದು ಗಾಜಿನ ಗೋಲಿ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಅಂದ್ರೆ ಬಾಟ್ಲಿಗೆ ಬೀಗ ಹಾಕುವುದೂ ಒಳಗಿರುವ ಸರಕೇ! ಕತ್ತಿನ ಹತ್ತಿರ ಇರುವ ಎರಡು ತಗ್ಗು ಅಂದಕ್ಕೆ ಮಾಡಿದ್ದಲ್ಲ. ಬಾಟ್ಲಿಯನ್ನು ಬಗ್ಗಿಸಿದಾಗ ಗೋಲಿ ಬಂದು ಬಾಯಿಗೆ ಅಡ್ಡ ನಿಲ್ಲದಂತೆ ತಡೆಯುವುದಕ್ಕೆ ಮಾಡಿದ್ದು. ಗೋಲಿ ಆಡುವುದಕ್ಕೆ ಮಕ್ಕಳು ಬಾಟ್ಲಿ ಒಡೆಯುವ ಕಾಟ ಇಂಗ್ಲೆಂಡಿನಲ್ಲೂ ಇತ್ತು ಎಂದರೆ ನಮ್ಮ ಹಿರಿಯರಿಗೆ ನಗು ಬರಬಹುದು.

ಬ್ರಿಟಿಷರ ಕಾಲದಲ್ಲಿ ಈ ಬಾಟ್ಲಿ ನಮ್ಮ ದೇಶಕ್ಕೆ ಬಂತು. ದೆಲ್ಲಿ ಕಡೆ ಇದಕ್ಕೆ ಬಂಟಾ ಎನ್ನುತ್ತಾರೆ, ಅಲ್ಲಿಯ ಮಾತಿನಲ್ಲಿ ಬಂಟಾ ಅಂದರೂ ಗೋಲಿಯೇ. ಮುಂದೆ ಉತ್ತರ ಪ್ರದೇಶದ ಹಾಥರಸ್ ಬಳಿಯ ಸಾಸ್ನಿ ಎಂಬ ಊರಿನಲ್ಲಿ ಇಂಥ ಬಾಟ್ಲಿಗಳು ತಯಾರಾದವು. ಅಂಗಡಿಯವನು ತಾನೇ ಸೋಡಾ ಮಾಡಿಕೊಳ್ಳುವಂಥ ಸಣ್ಣ ಕೈ ಮಿಷನ್ನು ಊರೂರಿಗೂ ಬಂತು. ಅದರ ಕೆಲಸ ಸರಳ. ನೀರು ತುಂಬಿದ ಬಾಟ್ಲಿಗಳನ್ನು ತೊಟ್ಟಿಲಿನಂಥ ಚೌಕಟ್ಟಿಗೆ ಸಿಕ್ಕಿಸಿ, ಸಿಲಿಂಡರಿನಿಂದ ಗ್ಯಾಸ್ ಬಿಟ್ಟು, ಹಿಡಿ ಹಿಡಿದು ಗಿರಗಿರನೆ ತಿರುಗಿಸಬೇಕು. ಬಾಟ್ಲಿ ತಲೆಕೆಳಗಾಗಿ ಉರುಳುವಾಗ ಗ್ಯಾಸ್ ನೀರಿನಲ್ಲಿ ಕರಗುತ್ತದೆ, ಗೋಲಿ ಜಾರಿ ಬಂದು ರಬ್ಬರ್ ಬಳೆಗೆ ಕಚ್ಚಿಕೊಳ್ಳುತ್ತದೆ. ಕರೆಂಟು ಬೇಡ, ಇಂಜಿನ್ನು ಬೇಡ, ರಟ್ಟೆಯಲ್ಲಿ ಬಲ ಇದ್ದರೆ ಸಾಕು.

ಈ ಮಿಷನ್ನು ಸಣ್ಣ ಅಂಗಡಿಯವನಿಗೆ ಕೊಟ್ಟ ದೊಡ್ಡ ವಸ್ತು ಸೋಡಾ ಅಲ್ಲ, ಸ್ವಾತಂತ್ರ್ಯ. ನೀರು ಊರಿನದು, ನಿಂಬೆಹಣ್ಣು ಸಂತೆಯದು, ಶುಂಠಿ ನಮ್ಮ ಹೊಲದ್ದು. ಗ್ಯಾಸು ಮತ್ತು ಬಾಟ್ಲಿ ಮಾತ್ರ ಹೊರಗಿನಿಂದ ಬರಬೇಕು. ಉಪ್ಪು ಸೋಡಾ, ಶುಂಠಿ ಸೋಡಾ, ಕಲರ್ ಸೋಡಾ, ಯಾವುದು ಮಾಡಬೇಕು, ಎಷ್ಟಕ್ಕೆ ಮಾರಬೇಕು, ಯಾರಿಗೆ ಸಾಲ ಬರೆಯಬೇಕು ಎಲ್ಲವೂ ಅವನದೇ ತೀರ್ಮಾನ. ಜಾತ್ರೆ ಬಂತೆಂದರೆ ರಾತ್ರಿಯೆಲ್ಲ ಮಿಷನ್ನು ತಿರುಗಿಸಿ ಎರಡು ದಿನದಲ್ಲಿ ನಾಲ್ಕು ಕಾಸು ನೋಡುತ್ತಿದ್ದ. ಮಿಷನ್ನು ಯಾರದೋ ದರ ಅವರದು.

ಈ ಮಾತು ದೊಡ್ಡ ಕಂಪನಿಗೂ ಅನ್ವಯಿಸುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ಸ್ವಾರಸ್ಯ ಹೇಳಬೇಕು. ಅಲ್ಲಿ ಕೋಕಾ ಕೋಲಾ 1886ರಲ್ಲಿ ಗ್ಲಾಸಿಗೆ 5 ಸೆಂಟಿನಂತೆ ಶುರುವಾಯಿತು. 1950ರ ಸುಮಾರಿಗೂ ಅದೇ 5 ಸೆಂಟು! ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಕಾಸು ಹಾಕಿದರೆ ಬಾಟ್ಲಿ ಕೊಡುವ ಪೆಟ್ಟಿಗೆಗಳು. ಅವು 5 ಸೆಂಟಿನ ಒಂದೇ ನಾಣ್ಯ ನುಂಗುವಂತೆ ಮಾಡಿದ್ದವು. ದರ ಏರಿಸಬೇಕೆಂದರೆ ಒಂದೇ ಸಲಕ್ಕೆ ಇಮ್ಮಡಿ ಮಾಡಿ 10 ಸೆಂಟಿನ ನಾಣ್ಯಕ್ಕೆ ಹೋಗಬೇಕು. ಕೊನೆಗೆ 1953ರಲ್ಲಿ ಕಂಪನಿಯ ಮುಖ್ಯಸ್ಥ ರಾಬರ್ಟ್ ವುಡ್ರಫ್ ಅವರು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಏಳೂವರೆ ಸೆಂಟಿನ ಹೊಸ ನಾಣ್ಯ ಹೊರಡಿಸಿ ಎಂದು ಕೇಳಿಕೊಂಡರು. ಸರ್ಕಾರ ಒಪ್ಪಲಿಲ್ಲ. ಆ 5 ಸೆಂಟಿನ ದರ ಪೂರ್ತಿ ಹೋದದ್ದು 1959ರ ಹೊತ್ತಿಗೆ. ಅಷ್ಟು ದೊಡ್ಡ ಕಂಪನಿಯ ಕೈಯನ್ನು ಅದರದೇ ಕಬ್ಬಿಣದ ಪೆಟ್ಟಿಗೆ ಕಟ್ಟಿಹಾಕಿತ್ತು. ಮಿಷನ್ನು ಕೊಳ್ಳುವಾಗ ಅದು ನಮ್ಮ ಕೈಯನ್ನು ಎಷ್ಟು ಕಟ್ಟುತ್ತದೆ ಎಂದು ನೋಡಬೇಕು ಎನ್ನುವುದು ಇದರ ಪಾಠ.

ಇನ್ನು ನಮ್ಮ ದೇಶದ ಮಾತು. ವಿದೇಶಿ ಬಂಡವಾಳದ ಕಾನೂನಿನ ಕಾರಣದಿಂದ ಕೋಕಾ ಕೋಲಾ 1977ರಲ್ಲಿ ಭಾರತ ಬಿಟ್ಟು ಹೋಯಿತು. ಅದರ ಜಾಗಕ್ಕೆ ಜನತಾ ಸರ್ಕಾರ 'ಡಬಲ್ ಸೆವೆನ್' ಎಂಬ ಪಾನೀಯ ತಂದಿತು. ಅದರ ಪಾಕ ಕಂಡುಹಿಡಿದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಂಬುದು ಹೆಮ್ಮೆಯ ವಿಷಯ. ಆದರೂ ಅದು ಬಹಳ ದಿನ ಬಾಳಲಿಲ್ಲ. 1993ರಲ್ಲಿ ಕೋಕಾ ಕೋಲಾ ಮತ್ತೆ ಬಂದು, ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಹೆಸರುಗಳನ್ನೂ ಕೊಂಡುಕೊಂಡಿತು. ಆಮೇಲೆ ಹಳ್ಳಿ ಅಂಗಡಿಗೂ ಕಂಪನಿಗಳ ಫ್ರಿಜ್ಜು ಬಂತು. ಫ್ರಿಜ್ಜು ಪುಕ್ಕಟೆ ಎನ್ನಿಸಿದರೂ ಅದರಲ್ಲಿ ಇಡಬೇಕಾದದ್ದು ಅವರ ಸರಕು. ದರ ಬಾಟ್ಲಿಯ ಮೇಲೆ ಮೊದಲೇ ಅಚ್ಚಾಗಿರುತ್ತದೆ. ತಯಾರು ಮಾಡುತ್ತಿದ್ದ ಅಂಗಡಿಯವನು ಬರೀ ಎತ್ತಿಕೊಡುವವನಾದ.

ಹಾಗೆಂದು ಎಲ್ಲ ತಪ್ಪನ್ನೂ ಕಂಪನಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಗೋಲಿ ಸೋಡಾದಲ್ಲೂ ಕೊರತೆ ಇತ್ತು. ಕೆಲವು ಕಡೆ ಯಾವ ನೀರು ಸಿಕ್ಕಿತೋ ಆ ನೀರು. ಗ್ಯಾಸ್ ಸೇರಿಸಿದ ಮಾತ್ರಕ್ಕೆ ಕೆಟ್ಟ ನೀರು ಒಳ್ಳೆಯದಾಗುವುದಿಲ್ಲ. ಗೋಲಿ ಇರುವ ಕತ್ತಿನೊಳಗೆ ಬ್ರಷ್ಷು ಸರಿಯಾಗಿ ಹೋಗುವುದಿಲ್ಲ. ಬಾಟ್ಲಿ ಸಿಡಿದು ಕೈ ಕೊಯ್ದುಕೊಂಡವರು, ಕಣ್ಣಿಗೆ ಪೆಟ್ಟು ಮಾಡಿಕೊಂಡವರು ಇದ್ದಾರೆ. ಗಲಾಟೆ ಆದರೆ ಮೊದಲು ಹಾರುತ್ತಿದ್ದುದೂ ಸೋಡಾ ಬಾಟ್ಲಿಯೇ. ಜನ ದೂರವಾಗಲು ಇವೂ ಕಾರಣ.

ಈಗ ಗಾಳಿ ಮತ್ತೆ ತಿರುಗಿದೆ. ಭಾರತದ ಗೋಲಿ ಸೋಡಾ ಅಮೆರಿಕ, ಇಂಗ್ಲೆಂಡ್, ಯುರೋಪು, ಕೊಲ್ಲಿ ದೇಶಗಳಿಗೆ ಹೋಗುತ್ತಿರುವುದನ್ನು 2025ರ ಮಾರ್ಚಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ತಿಳಿಸಿತು. ಇಂಗ್ಲೆಂಡಿನಿಂದ ಬಂದ ಬಾಟ್ಲಿ ನಮ್ಮ ಸರಕಾಗಿ ಇಂಗ್ಲೆಂಡಿಗೇ ಹೋಗುವಂತಾಯಿತು. ಜಪಾನಿನವರಂತೂ 'ರಾಮುನೆ' ಎಂಬ ಹೆಸರಿನಲ್ಲಿ ಗೋಲಿ ಬಾಟ್ಲಿಯನ್ನು ಬಿಡದೆ ಉಳಿಸಿಕೊಂಡಿದ್ದಾರೆ.

ಹಾಗಾದರೆ ಹಳೇ ಮಿಷನ್ನು ಕೊಳ್ಳಬಹುದೇ? ಕೊಳ್ಳಬಹುದು, ಆದರೆ ಬಣ್ಣ ನೋಡಿ ಕೊಳ್ಳಬಾರದು. ಹೊಸ ಪೇಂಟಿನ ಕೆಳಗೆ ಬಿರುಕು ಅಡಗಿರುತ್ತದೆ. ಮಾರುವವನ ಎದುರಿಗೇ ನೀರು ತುಂಬಿ, ಗ್ಯಾಸ್ ಬಿಟ್ಟು, ತಿರುಗಿಸಿ ತೋರಿಸು ಅನ್ನಬೇಕು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಬಾಟ್ಲಿ ಕೂರುವ ಜಾಗಕ್ಕೆ ಗಟ್ಟಿ ಜಾಲರಿ ಅಥವಾ ತಗಡಿನ ಮುಚ್ಚಳ ಇರಲೇಬೇಕು. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಬೇಕು. ಸೋಡಾ ನೀರು ಸ್ವಲ್ಪ ಹುಳಿ ಗುಣದ್ದು, ತಾಮ್ರ ಮತ್ತು ಸೀಸವನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ಸೋಡಾ ನೀರು ತಾಗುವ ಕಡೆ ಕಲಾಯಿ ಹೋದ ತಾಮ್ರ ಇದ್ದರೆ, ಸೀಸದ ಬೆಸುಗೆ ಇದ್ದರೆ ಬೇಡವೇ ಬೇಡ. ಸಿಲಿಂಡರಿನ ಒಳಗೆ ಬೇಸಿಗೆಯಲ್ಲಿ ಹೊರಗಿನ ಗಾಳಿಗಿಂತ ಅರವತ್ತು ಪಾಲಿಗೂ ಮಿಕ್ಕಿದ ಒತ್ತಡ ಇರುತ್ತದೆ. ಪರೀಕ್ಷೆಯ ತಾರೀಖು ಸಿಲಿಂಡರಿನ ಮೇಲೆ ಕೊರೆದಿರುತ್ತದೆ, ಅದನ್ನು ಓದಬೇಕು. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಮಿಷನ್ನಿಗೆ ಜೋಡಿಸಬಾರದು. ಗ್ಯಾಸು ತಿನ್ನುವ ಪದಾರ್ಥಕ್ಕೆ ಬಳಸುವಂಥದ್ದೇ ಆಗಬೇಕು, ವೆಲ್ಡಿಂಗಿನದು ನಡೆಯದು. ನೀರನ್ನು ಶುದ್ಧ ಮಾಡಿ ತಣ್ಣಗಿಟ್ಟು ತುಂಬಿದರೆ ಗ್ಯಾಸ್ ಹೆಚ್ಚು ಹಿಡಿಯುತ್ತದೆ, ರುಚಿಯೂ ಬರುತ್ತದೆ. ಆಹಾರ ಸುರಕ್ಷತೆ ಇಲಾಖೆಯಲ್ಲಿ ಹೆಸರು ನೋಂದಾಯಿಸದೆ ಅಂಗಡಿ ತೆರೆಯಬಾರದು.

ಲೆಕ್ಕದ ವಿಷಯದಲ್ಲಿ ಬಹಳ ಜನ ಮಿಷನ್ನಿನ ಬೆಲೆ ನೋಡುತ್ತಾರೆ, ಬಾಟ್ಲಿಯನ್ನು ಮರೆಯುತ್ತಾರೆ. ನಾಲ್ಕು ಡಜನ್ ಬಾಟ್ಲಿ ಇಟ್ಟುಕೊಂಡು ದಿನಕ್ಕೊಂದು ಒಡೆದರೆ ನಲವತ್ತೆಂಟನೇ ದಿನ ಮಿಷನ್ನು ಇರುತ್ತದೆ, ಬಾಟ್ಲಿ ಇರುವುದಿಲ್ಲ. ಬಾಟ್ಲಿ, ರಬ್ಬರ್ ಬಳೆ, ಗ್ಯಾಸು ಎಲ್ಲಿ ಸಿಗುತ್ತದೆ ಎಂದು ಗೊತ್ತು ಮಾಡಿಕೊಂಡೇ ಮುಂಗಡ ಕೊಡಬೇಕು. ರಿಪೇರಿ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಅರ್ಧ ಗೆದ್ದಂತೆ.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು, ರೈತ ಪರರ ಮುಂದೆ ಕೈಚಾಚದೆ ತನ್ನ ದುಡಿಮೆಯ ಸಾಧನವನ್ನು ತಾನೇ ಇಟ್ಟುಕೊಳ್ಳಲಿ ಎಂದು. ನೇಗಿಲಿಗೆ ಹೇಳಿದ ಮಾತು ಸೋಡಾ ಮಿಷನ್ನಿಗೂ ಸಲ್ಲುತ್ತದೆ. ಒಬ್ಬನಿಗೆ ಭಾರವಾದರೆ ಇಬ್ಬರು ಮೂವರು ಸೇರಿ ಒಂದು ಮಿಷನ್ನು ಕೊಳ್ಳಲಿ, ಹಂಗಾಮಿನಲ್ಲಿ ಸೋಡಾ ಹಂಚಿಕೊಂಡು ಮಾರಲಿ. ಅದರ ಜೊತೆಗೆ ಕಂಪನಿಯ ಬಾಟ್ಲಿಯನ್ನೂ ಮಾರಿಕೊಳ್ಳಲಿ, ತಪ್ಪಿಲ್ಲ. ಆದರೆ ಅಂಗಡಿಯಲ್ಲಿ ಒಂದು ವಸ್ತುವಾದರೂ ತಾನೇ ಮಾಡಿದ್ದು, ತಾನೇ ದರ ಕಟ್ಟಿದ್ದು ಇರಲಿ. ಇಂಥ ಅಂಗಡಿಗಳು ನಮ್ಮ ಊರಿನಲ್ಲಿ ಹೆಚ್ಚಲಿ ಎಂದು ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಹಾರೈಸುತ್ತೇವೆ.