ಬಾಲಶಂಕುವಿನ ವಿಂಚ್: ಲ್ಯಾಂಗ್ಲಿ ಚರಿತ್ರೆಯ ಒಂದು ಎಳೆ

ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್‌ನಲ್ಲಿ 1917ರಲ್ಲಿ ಸ್ಥಾಪನೆಗೊಂಡ ಲ್ಯಾಂಗ್ಲಿ ಪ್ರಯೋಗಾಲಯದ ಹೆಸರೆತ್ತಿದೊಡನೆ ಅದರ ಗಾಳಿಸುರಂಗಗಳೇ ನೆನಪಾಗುತ್ತವೆ. ಹಾರಾಟದಲ್ಲಿರುವ ವಿಮಾನದ ವೇಗ ಮತ್ತು ಎತ್ತರಗಳನ್ನು ಖಚಿತವಾಗಿ ಅಳೆಯಲು ಅಲ್ಲಿನವರು ಪಟ್ಟ ಶ್ರಮ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ವಿಮಾನ ತಾನು ಸಾಗುವ ಗಾಳಿಯನ್ನು ತಾನೇ ಕದಡುವುದರಿಂದ, ಅದರ ಮೈಮೇಲಿನ ರಂಧ್ರದಲ್ಲಿ ದೊರೆಯುವ ಸ್ಥಿರ ಒತ್ತಡ, ಅಂದರೆ ಸುತ್ತಲಿನ ಕದಡದ ಗಾಳಿಯ ಸಹಜ ಒತ್ತಡ, ನಿಜವಾದುದಕ್ಕಿಂತ ತುಸು ಬೇರೆಯಾಗಿರುತ್ತದೆ. ಎತ್ತರಮಾಪಕ ಎತ್ತರವನ್ನು ಲೆಕ್ಕ ಹಾಕುವುದು ಈ ಒತ್ತಡದಿಂದಲೇ. ಒಂದು ಹೆಕ್ಟೊಪಾಸ್ಕಲ್‌ನಷ್ಟು ತಪ್ಪು ಸಮುದ್ರಮಟ್ಟದಲ್ಲಿ ಸುಮಾರು 27 ಅಡಿಯಾದರೆ, 41,000 ಅಡಿ ಎತ್ತರದಲ್ಲಿ 115 ಅಡಿಯನ್ನು ಮುಟ್ಟುತ್ತದೆ.

ಮುಂದೆ ಲ್ಯಾಂಗ್ಲಿಯ ನಿರ್ದೇಶಕರಾದ ಫ್ಲಾಯ್ಡ್ ಥಾಂಪ್ಸನ್ 1937ರಲ್ಲಿ ವೇಗಮಾಪನದ ಕುರಿತು ವರದಿ ಬರೆದ ಕಾಲಕ್ಕೆ, ಅಳತೆಯ ಉಪಕರಣವನ್ನು ಈ ಕದಡಿದ ಗಾಳಿಯಿಂದ ದೂರವಿಡಲು ವಿಮಾನದಿಂದ ಬಹಳ ಕೆಳಕ್ಕೆ ತೂಗುಬಿಡುವ ಪದ್ಧತಿಯಿತ್ತು. ವೇಗ ಹೆಚ್ಚಿದಂತೆ ಆ ತೂಗುಭಾರ ಓಲಾಡತೊಡಗಿದ್ದರಿಂದ ಜೆಟ್ ಯುಗದಲ್ಲಿ ಬಾಲಶಂಕು ಬಳಕೆಗೆ ಬಂತು. ಹಿಂದಕ್ಕೆ ಬಿಟ್ಟ ಉದ್ದನೆಯ ಕೊಳವೆಯನ್ನು ಅದರ ತುದಿಯ ಹಗುರ ಶಂಕು ಎಳೆದು ನೆಟ್ಟಗೆ ಹಿಡಿಯುತ್ತದೆ; ಶಂಕುವಿನ ಮುಂದಿರುವ ಸಣ್ಣ ರಂಧ್ರಗಳು ಒತ್ತಡವನ್ನು ಗ್ರಹಿಸುತ್ತವೆ. ಈ ಪದ್ಧತಿಗಳನ್ನೆಲ್ಲ ಲ್ಯಾಂಗ್ಲಿಯ ವಿಲಿಯಂ ಗ್ರೇಸಿ 1980ರಲ್ಲಿ ಪ್ರಕಟವಾದ ಕೃತಿಯಲ್ಲಿ ಒಟ್ಟುಗೂಡಿಸಿದರು.

ಈ ಕೊಳವೆಯನ್ನು ಬಿಡುವ, ಸುತ್ತಿಕೊಳ್ಳುವ ವಿಂಚ್ ಬಾವಿಯ ರಾಟೆಯ ದೂರದ ಬಂಧುವಾದರೂ ಅದರ ವಿನ್ಯಾಸ ಅಷ್ಟು ಸರಳವಲ್ಲ. ಹಗ್ಗದಂತೆ ಎಳೆತವನ್ನು ತಡೆಯಬೇಕಾದ ಕೊಳವೆಯೇ ಒತ್ತಡವನ್ನು ವಿಮಾನದೊಳಕ್ಕೆ ತರಬೇಕಾಗಿರುವುದರಿಂದ, ಬಿಗಿಯಾಗಿ ಸುತ್ತಿದರೆ ಅದು ಡ್ರಮ್ಮಿನ ಮೇಲೆ ಅಪ್ಪಚ್ಚಿಯಾಗುತ್ತದೆ, ಸಡಿಲವಾಗಿ ಸುತ್ತಿದರೆ ಸುರುಳಿಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ; ಎಳೆತವನ್ನು ಉಕ್ಕಿನ ತಂತಿಗೆ ವಹಿಸುವುದು ಇದಕ್ಕೊಂದು ಪರಿಹಾರ. ತಿರುಗುವ ಡ್ರಮ್ಮಿನಿಂದ ನಿಂತ ಉಪಕರಣಕ್ಕೆ ಒತ್ತಡವನ್ನು ದಾಟಿಸುವ ತಿರುಗು ಕೀಲು ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ: ಅಲ್ಲಿನ ಸೀಲ್ ಕೂದಲೆಳೆಯಷ್ಟು ಸೋರಿದರೂ ವಿಮಾನದೊಳಗಿನ ಒತ್ತಡ ಬೆರೆತು ಅಳತೆ ಕೆಡುತ್ತದೆ, ಕೆಟ್ಟದ್ದು ಮೇಲ್ನೋಟಕ್ಕೆ ತಿಳಿಯುವುದೂ ಇಲ್ಲ. ಬ್ರೇಕ್, ಬಿಟ್ಟ ಉದ್ದವನ್ನು ತೋರಿಸುವ ಎಣಿಕೆ, ಕೊಳವೆ ಸಿಕ್ಕಿಕೊಂಡರೆ ಕತ್ತರಿಸಿಹಾಕುವ ಅಲಗು ಇವೆಲ್ಲ ಸುರಕ್ಷತೆಯ ಅಂಗಗಳು.

29,000ದಿಂದ 41,000 ಅಡಿಗಳ ನಡುವೆ ವಿಮಾನಗಳ ಲಂಬ ಅಂತರವನ್ನು 2,000 ಅಡಿಯಿಂದ 1,000 ಅಡಿಗೆ ಇಳಿಸುವ ವ್ಯವಸ್ಥೆ 1997ರಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಆರಂಭಗೊಂಡು, 2003ರಲ್ಲಿ ಭಾರತದ ಆಕಾಶದಲ್ಲಿ ಜಾರಿಗೆ ಬಂದ ಮೇಲೆ ಎತ್ತರದ ಈ ಅಳತೆಗೆ ಇನ್ನಷ್ಟು ಬೆಲೆ ಬಂತು. ಹೊಸ ಪ್ರಯಾಣಿಕ ಜೆಟ್‌ಗಳ ಪರೀಕ್ಷೆಯಲ್ಲಿ ಬಾಲರೆಕ್ಕೆಯ ನೆತ್ತಿಯಿಂದ ಹಿಂದಕ್ಕೆ ಹರಿಯುವ ಸಣ್ಣ ಗೆರೆ ಇದೇ ಕೊಳವೆ.